ಮೈಸೂರಿನಿಂದ ಸುರಸಾಗರದ ದಡಕ್ಕೆ

ಮದುವೆಯಾಗಿ ಮೈಸೂರಿನಿಂದ ವಡೋದರಕ್ಕೆ ಬಂದ ಹೊಸತು. ಸುರಸಾಗರ ಕೆರೆಯ ಬಳಿ ಹಾದುಹೋಗುವಾಗ ಹಳೆಯ ಕಟ್ಟಡವೊಂದರಿಂದ ತಬಲಾ ಸದ್ದು ಕೇಳಿಸುತ್ತಿತ್ತು. ಅದು ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಸಂಗೀತ, ನೃತ್ಯ, ನಾಟಕ ಕಲಿಸುವ ವಿಭಾಗ ಎಂದು ಆಮೇಲೆ ತಿಳಿಯಿತು. ಅದರ ಮೂಲ ಹುಡುಕುತ್ತ ಹೋದರೆ, ಗೆಳತಿಯರೇ, ನಮ್ಮ ಮೈಸೂರೇ ಎದುರಾಗಬೇಕೇ!

ಆ ಸಂಸ್ಥೆಗೆ ಅಡಿಪಾಯ ಹಾಕಿದವರು ಉಸ್ತಾದ್ ಮೌಲಾಬಕ್ಷ್. 1833ರಲ್ಲಿ ದೆಹಲಿಯ ಕಡೆ ಹುಟ್ಟಿದ ಹಿಂದೂಸ್ತಾನಿ ಗಾಯಕ. ಊರೂರು ಸುತ್ತುತ್ತ ಅವರು ಮುಮ್ಮಡಿ ಕೃಷ್ಣರಾಜ ಒಡೆಯರ ಮೈಸೂರಿಗೂ ಬಂದರು. ದಕ್ಷಿಣದ ಸಂಗೀತಕ್ಕೆ ಮನಸೋತು ಅದನ್ನೂ ಕಲಿಯಹೊರಟರು. ಹೊರಗಿನವರಿಗೆ ಆ ವಿದ್ಯೆಯ ಬಾಗಿಲು ಸುಲಭಕ್ಕೆ ತೆರೆಯಲಿಲ್ಲವಂತೆ. ಆದರೂ ಪಟ್ಟು ಬಿಡದೆ ಕಲಿತರು, ಮೈಸೂರಿನ ಅರಸರಿಂದ ರಾಜಮರ್ಯಾದೆ ಪಡೆದರು ಎಂದು ಅವರ ವಂಶಸ್ಥರು ಹೇಳಿಕೊಂಡು ಬಂದಿದ್ದಾರೆ. ಅವರ ಪತ್ನಿ ಟಿಪ್ಪು ಸುಲ್ತಾನನ ವಂಶದವರೆಂಬ ನಂಬಿಕೆಯೂ ಆ ಮನೆತನದಲ್ಲಿದೆ.

ಮುಂದೆ ಅವರು ನೆಲೆ ನಿಂತದ್ದು ಬರೋಡಾದಲ್ಲಿ. ಆಗೆಲ್ಲ ಸಂಗೀತವೆಂದರೆ ಮನೆತನದ ಆಸ್ತಿ. ಅಪ್ಪನಿಂದ ಮಗನಿಗೆ, ಗುರುವಿನಿಂದ ಆಪ್ತ ಶಿಷ್ಯನಿಗೆ, ಅದೂ ಬಾಯಿಂದ ಬಾಯಿಗೆ. ಮೌಲಾಬಕ್ಷ್ ಸ್ವರ ತಾಳಗಳನ್ನು ಬರೆದಿಡುವ ತಮ್ಮದೇ ಲಿಪಿ ರೂಪಿಸಿ ಪಠ್ಯಪುಸ್ತಕಗಳನ್ನು ತಂದರು. ಭಾತಖಂಡೆಯವರ ಸ್ವರಲಿಪಿ ಬರುವುದಕ್ಕೂ ಮುಂಚಿನ ಮಾತಿದು. 1886ರಲ್ಲಿ ಸಯಾಜಿರಾವ್ ಗಾಯಕವಾಡರ ಬೆಂಬಲದಿಂದ ಗಾಯನಶಾಲೆ ತೆರೆಯಿತು. ಸಂಗೀತದ ಮನೆತನದಲ್ಲಿ ಹುಟ್ಟದ ಮಕ್ಕಳೂ ಶಾಲೆಯ ಪಾಠದಂತೆ ಸಂಗೀತ ಕಲಿಯಬಹುದಾಯಿತು.

1896ರಲ್ಲಿ ಮೌಲಾಬಕ್ಷ್ ತೀರಿಕೊಂಡರು. ಅವರ ಮನೆಯಲ್ಲೇ ಬೆಳೆದ ಮೊಮ್ಮಗ ಇನಾಯತ್ ಖಾನ್ 1910ರಲ್ಲಿ ಸಂಗೀತದೊಂದಿಗೆ ಸೂಫಿ ಚಿಂತನೆಯನ್ನೂ ಪಶ್ಚಿಮಕ್ಕೆ ಒಯ್ದರು. ಗಾಯನಶಾಲೆ ಬೆಳೆದು ಕಾಲೇಜಾಯಿತು, 1949ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದ ಭಾಗವಾಯಿತು.

ನಾನು ಸಾಫ್ಟ್‌ವೇರ್‌ನವಳು. ಒಬ್ಬರ ತಲೆಯಲ್ಲಷ್ಟೇ ಇರುವ ವಿಷಯ ಅವರು ಹೋದ ದಿನ ಹೇಗೆ ಕೈತಪ್ಪುತ್ತದೆಂದು ನಮಗೆ ಚೆನ್ನಾಗಿ ಗೊತ್ತು. ಆದರೂ ನನ್ನ ಅಜ್ಜಿಯ ಹಸೆ ಹಾಡುಗಳನ್ನು ನಾನು ಬರೆದುಕೊಳ್ಳಲಿಲ್ಲ. ಮುಂದಿನ ರಜೆಗೆ ಅಂದುಕೊಳ್ಳುತ್ತಲೇ ಇದ್ದೆ, ಅಜ್ಜಿ ಹೋಗಿಬಿಟ್ಟರು. ಈಗ ನೆನಪಿರುವುದು ಎರಡು ಹಾಡು, ಅದೂ ಅರ್ಧಂಬರ್ಧ.

ಮೊನ್ನೆ ಅಮ್ಮ ಇಲ್ಲಿಗೆ ಬಂದಿದ್ದಾಗ ಮೊಬೈಲ್ ಮುಂದಿಟ್ಟು ಆರತಿ ಹಾಡುಗಳನ್ನು ಹಾಡಿಸಿಕೊಂಡೆ. ಮಗಳು ಪಕ್ಕದಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅವಳಿಗೆ ಕನ್ನಡ ಅಕ್ಷರ ಅಷ್ಟಾಗಿ ಬಾರದು, ಗುಜರಾತಿ ಲಿಪಿಯಲ್ಲೇ ಬರೆದಳು. ಇರಲಿ, ಹಾಡು ಉಳಿಯಿತಲ್ಲ. ನಿಮ್ಮ ಮನೆಯ ಹಿರಿಯರ ಹಾಡುಗಳನ್ನೂ ಈ ರಜೆಯಲ್ಲೇ ಬರೆದಿಟ್ಟುಕೊಳ್ಳಿ.