ಮನಃಶಾಸ್ತ್ರದ ಮೇಷ್ಟ್ರು ಕಟ್ಟಿದ ರೇಡಿಯೋ

ಮೈಸೂರಿನ ಮಹಾರಾಜ ಕಾಲೇಜು ಅಂದ ಕೂಡಲೇ ಕನ್ನಡ ಸಂಘದವರಾದ ನಮಗೆ ನೆನಪಾಗೋದು ಸಾಹಿತಿಗಳೇ. ತೀರ್ಥಹಳ್ಳಿ ಕಡೆಯ ಕುವೆಂಪು ಓದಿದ್ದು, ಪಾಠ ಹೇಳಿದ್ದು ಅಲ್ಲಿ. ಅದೇ ತಾಲ್ಲೂಕಿನ ಮೇಳಿಗೆಯಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿ ಇಂಗ್ಲಿಷ್ ಓದಿದ್ದೂ ಅಲ್ಲೇ. ಆದ್ರೆ ಇಂಜಿನಿಯರಿಂಗ್ ಓದುವ ನಾವು ತಿಳಿದಿರಲೇಬೇಕಾದ ಮೇಷ್ಟ್ರು ಇನ್ನೊಬ್ಬರು ಆ ಕಾಲೇಜಿನಲ್ಲಿದ್ದರು. ಅವರೇ ಎಂ. ವಿ. ಗೋಪಾಲಸ್ವಾಮಿ. ಅವರ ವಿಷಯ ಮನಃಶಾಸ್ತ್ರ.

ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಸಂಶೋಧನೆ ಮಾಡಿದವರು. ಬುದ್ಧಿಶಕ್ತಿಯನ್ನು ಅಳೆಯಲು ಹೊರಟು, 1904ರಲ್ಲಿ ಫ್ಯಾಕ್ಟರ್ ಅನಾಲಿಸಿಸ್‌ಗೆ ಬುನಾದಿ ಹಾಕಿದ ಸ್ಪಿಯರ್‌ಮನ್ ಇವರೇ. ನಮ್ಮ ಸ್ಟಾಟಿಸ್ಟಿಕ್ಸ್ ಪುಸ್ತಕದ ರ‍್ಯಾಂಕ್ ಕೋರಿಲೇಷನ್ ಕೂಡ ಅವರ ಹೆಸರಿನದೇ. ಅಂದ್ರೆ ಗೋಪಾಲಸ್ವಾಮಿ ಕಲಿತ ಮನಃಶಾಸ್ತ್ರ ಬರೀ ಮಾತಿನದಲ್ಲ, ಅಳತೆ ಮತ್ತು ಪ್ರಯೋಗದ್ದು. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಆ ವಿಭಾಗ ಶುರುಮಾಡಿದವರು ಅವರೇ. ಕಲ್ಕತ್ತಾ ಬಿಟ್ಟರೆ ದೇಶದಲ್ಲಿ ಅದೇ ಎರಡನೆಯದು.

ಮನಸ್ಸನ್ನು ಓದಿದವರಿಗೆ, ಮನೆಮನೆಯ ಮನಸ್ಸನ್ನು ಮುಟ್ಟುವ ಆಸೆಯೂ ಹುಟ್ಟಿತು. 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ವಿಠಲ ವಿಹಾರದಿಂದಲೇ ರೇಡಿಯೋ ಪ್ರಸಾರ ಆರಂಭಿಸಿದರು. ಟ್ರಾನ್ಸ್‌ಮಿಟರ್ ಶಕ್ತಿ ಎಷ್ಟು ಗೊತ್ತಾ? ಬರೀ 30 ವ್ಯಾಟ್! ಹಳೇ ಟ್ಯೂಬ್‌ಲೈಟಿಗೂ 40 ವ್ಯಾಟ್ ಬೇಕು. ಆಲ್ ಇಂಡಿಯಾ ರೇಡಿಯೋ ಅನ್ನೋ ಹೆಸರು ಬಂದಿದ್ದೇ ಮರುವರ್ಷ, 1936ರಲ್ಲಿ. ಮುಂದೆ 250 ವ್ಯಾಟ್‌ನ ಟ್ರಾನ್ಸ್‌ಮಿಟರ್ ಬಂತು. ಸಂಗೀತ, ಭಾಷಣ, ಕವಿತೆ ಎಲ್ಲ ಮೇಷ್ಟ್ರ ಮನೆಯಿಂದ ಊರಿಗೆ ಹರಿಯಿತು. ಈ ಕೇಂದ್ರಕ್ಕೆ ಇಟ್ಟ ಹೆಸರು 'ಆಕಾಶವಾಣಿ'. ಹೆಸರು ಸೂಚಿಸಿದವರು ನಾ. ಕಸ್ತೂರಿ ಅಂತ ಹೇಳ್ತಾರೆ.

ಆದ್ರೆ ಒಬ್ಬ ಮೇಷ್ಟ್ರು ತಮ್ಮ ಮನೆಯಲ್ಲಿ ರೇಡಿಯೋ ಕೇಂದ್ರವನ್ನು ಎಷ್ಟು ದಿನ ಸಾಕಿಯಾರು? ಮೊದಲು ನಗರಸಭೆ ಕೈಜೋಡಿಸಿತು, 1942ರಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. 1950ರಲ್ಲಿ ಕೇಂದ್ರ ಸರ್ಕಾರದ ಕೈಸೇರಿತು. 1955ರಲ್ಲಿ ಕೇಂದ್ರವೇ ಬೆಂಗಳೂರಿಗೆ ಹೋಯಿತು. ಹುಟ್ಟಿದ ಊರಲ್ಲೇ ದನಿ ನಿಂತಿತು. 1957ರಿಂದ ಆಕಾಶವಾಣಿ ಅನ್ನೋದು ಇಡೀ ದೇಶದ ರೇಡಿಯೋಗೆ ಹೆಸರಾಯಿತು. ಆ ಪದ ಎಲ್ಲರ ಬಾಯಲ್ಲಿದೆ, ಗೋಪಾಲಸ್ವಾಮಿಯವರ ಹೆಸರು ಮಾತ್ರ ಎಷ್ಟೋ ಜನಕ್ಕೆ ಗೊತ್ತಿಲ್ಲ.

ನಾವು ಇವತ್ತು ಮನಃಶಾಸ್ತ್ರ, ಸಂವಹನ ಅಂದ್ರೆ 'ಆರ್ಟ್ಸ್‌ನವರದ್ದು' ಅಂತ ಬಿಟ್ಟುಬಿಡ್ತೇವೆ. ಪ್ಲೇಸ್‌ಮೆಂಟ್ ಹತ್ತಿರ ಬಂದಾಗ ಮಾತಾಡಲು ಬಾರದೆ ಒದ್ದಾಡ್ತೇವೆ. ಗೋಪಾಲಸ್ವಾಮಿಯವರಿಗೆ ಟ್ರಾನ್ಸ್‌ಮಿಟರ್ ಬೇರೆಯವರ ಸಬ್ಜೆಕ್ಟ್ ಅನ್ನಿಸಲಿಲ್ಲ. ಮುಂದಿನ ಸೆಮಿಸ್ಟರ್‌ನಲ್ಲಿ ಎಲೆಕ್ಟಿವ್ ಆರಿಸುವಾಗ ಗೆಳೆಯರು ಅವರನ್ನೊಮ್ಮೆ ನೆನೆಯಲಿ.