ಪಿಯೋನಿ ಬೆಳೆಸಿದ ವಿಕ್ಟರ್ ಲೆಮ್ವಾನ್

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ತಂದೆಯವರು ಸೇವಂತಿಗೆ ಬೆಳೆಯುವವರು. ಪದವಿ ಬಂದರೆ ಮಣ್ಣಿನ ಋಣ ತೀರಿತೆಂದೇ ನಾನು ಭಾವಿಸಿದ್ದೆ. ಶೀತದೇಶಗಳ ಸುಗಂಧ ಪುಷ್ಪವಾದ ಪಿಯೋನಿಯನ್ನು ಬೆಳೆಸಿದ ವಿಕ್ಟರ್ ಲೆಮ್ವಾನರ ಜೀವನವನ್ನು ತಿಳಿದ ಮೇಲೆ ಆ ಭಾವನೆ ಉಳಿಯಲಿಲ್ಲ.

ಲೆಮ್ವಾನರು 1823ರಲ್ಲಿ ಫ್ರಾನ್ಸಿನ ಲೊರೇನ್ ಪ್ರಾಂತ್ಯದ ಡೆಲ್ಮ್ ಎಂಬ ಊರಿನಲ್ಲಿ, ತಲೆತಲಾಂತರದ ತೋಟಗಾರರ ಮನೆಯಲ್ಲಿ ಜನಿಸಿದರು. ಕಾಲೇಜು ಮುಗಿಸಿದವರು ಮತ್ತೆ ಮಣ್ಣಿಗೇ ಮರಳಿದರು. ಹೆಸರಾಂತ ತೋಟಗಳಲ್ಲಿ ದುಡಿದು ಕಸುಬು ಕಲಿತು, 1850ರ ಸುಮಾರಿಗೆ ನ್ಯಾನ್ಸಿ ನಗರದಲ್ಲಿ ಸ್ವಂತ ಸಸಿತೋಟ ತೆರೆದರು. 1870ರ ಯುದ್ಧದಲ್ಲಿ ಶತ್ರುಸೈನ್ಯ ಊರನ್ನು ಹಿಡಿದಾಗಲೂ ಲೈಲಾಕ್ ಹೂವಿನ ಹೊಸ ತಳಿಗಾಗಿ ಶ್ರಮಿಸುತ್ತಲೇ ಇದ್ದರು. ಅವರ ದೃಷ್ಟಿ ಮಂದವಾಗಿದ್ದುದರಿಂದ, ಏಣಿ ಹತ್ತಿ ಪರಾಗ ಸೋಂಕಿಸಿದವರು ಅವರ ಪತ್ನಿ.

ಪಿಯೋನಿಯಂತೂ ಆತುರಗಾರರ ಹೂವಲ್ಲ. ಬೀಜ ಬಿತ್ತಿ ಹೂ ಕಾಣಲು ನಾಲ್ಕೈದು ವರ್ಷ ಕಾಯಬೇಕು. ಗಡ್ಡೆಯ ಕಣ್ಣುಗಳು ಎರಡಂಗುಲಕ್ಕಿಂತ ಆಳದಲ್ಲಿದ್ದರೆ ಗಿಡ ಸರಿಯಾಗಿ ಹೂ ಬಿಡದು. ನೀರು ನಿಂತರೆ ಬೇರು ಕೊಳೆಯುವುದು. ಚಳಿಗಾಲದ ಕೊರೆತವಿಲ್ಲದೆ ಮೊಗ್ಗು ಬಾರದು. ಇಷ್ಟೆಲ್ಲ ಕಾದು, ಎಂಬತ್ತು ದಾಟಿದ ಲೆಮ್ವಾನರು 1906ರಲ್ಲಿ ನವಿರು ಪರಿಮಳದ ಗುಲಾಬಿ ಬಣ್ಣದ ಪಿಯೋನಿಯೊಂದನ್ನು ಲೋಕಕ್ಕಿತ್ತರು. ಅದಕ್ಕೆ ನಟಿ ಸಾರಾ ಬರ್ನಾರರ ಹೆಸರಿಟ್ಟರು. ಇಂದಿಗೂ ಹೂವಿನ ಮಾರುಕಟ್ಟೆಗಳಲ್ಲಿ ಅದಕ್ಕೆ ಬೇಡಿಕೆಯುಂಟು. 1911ರಲ್ಲಿ ಅವರು ತೀರಿಕೊಂಡರು. ಮಗ ಎಮಿಲ್ ತೋಟವನ್ನು ಮುಂದುವರಿಸಿದರು.

ಈ ಸಲ ರಜೆಗೆ ಊರಿಗೆ ಹೋದಾಗ, ಸೇವಂತಿಗೆಯ ಕಂದು ಬೇರ್ಪಡಿಸುವುದನ್ನು ಕಲಿಸಿಕೊಡಿ ಎಂದು ತಂದೆಯವರನ್ನು ಕೇಳಿದೆ. ಅವರು ಮಾತನಾಡಲಿಲ್ಲ, ಗುದ್ದಲಿಯನ್ನು ನನ್ನ ಕೈಗಿತ್ತು ಮುಂದೆ ನಡೆದರು.