ಮರಗಳನ್ನು ಕರೆತಂದ ಕೃಂಬಿಗಲ್

ಖಾನಾಪುರ ತಾಲ್ಲೂಕಿನ ಹಲಸಿಯನ್ನು ಕದಂಬರ ಶಾಸನಗಳು ಪಲಾಶಿಕಾ ಎಂದು ಕರೆಯುತ್ತವೆ. ಪಲಾಶವೆಂದರೆ ಮುತ್ತುಗ, ಬೇಸಿಗೆಯ ಹೊಸ್ತಿಲಲ್ಲಿ ಎಲೆ ಕಳಚಿ, ಮೈತುಂಬ ಕೆಂಡದ ಬಣ್ಣದ ಹೂ ಹೊತ್ತು ನಿಲ್ಲುವ ಮರ. ಹೆಸರನ್ನು ನಂಬುವುದಾದರೆ ಅಲ್ಲಿ ಮರ ಮೊದಲು, ಊರು ಆಮೇಲೆ. ಬೆಂಗಳೂರಿನದು ಇದಕ್ಕೆ ತಿರುವುಮುರುವಾದ ಕಥೆ. ಅಲ್ಲಿ ಊರು ಮೊದಲೇ ಇತ್ತು. ಅದರ ಬೀದಿಗಳಲ್ಲಿ ಯಾವ ತಿಂಗಳು ಯಾವ ಬಣ್ಣ ಅರಳಬೇಕೆಂದು ಲೆಕ್ಕ ಹಾಕಿ, ದೂರದ ಖಂಡಗಳ ಮರಗಳನ್ನು ಆರಿಸಿ ನೆಡಿಸಿದವರಲ್ಲಿ ಮೊದಲು ನೆನಪಾಗುವ ಹೆಸರು ಗುಸ್ತಾವ್ ಹರ್ಮನ್ ಕೃಂಬಿಗಲ್ ಅವರದು.

ಕೃಂಬಿಗಲ್ ಹುಟ್ಟಿದ್ದು 1865ರ ಡಿಸೆಂಬರ್ 18ರಂದು, ಜರ್ಮನಿಯ ಡ್ರೆಸ್ಡೆನ್ ಸಮೀಪದ ಲೋಹ್ಮೆನ್‌ನಲ್ಲಿ. ಪಿಲ್ನಿಟ್ಸ್‌ನಲ್ಲಿ ತೋಟಗಾರಿಕೆ ಕಲಿತು, ಹ್ಯಾಂಬರ್ಗ್‌ನಲ್ಲಿ ಕೆಲಸ ಮಾಡಿ, 1888ರಲ್ಲಿ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂಮಡಿಗಳನ್ನು ರೂಪಿಸಿದ ಈ ತರುಣ ಮುಂದೆ ಕ್ಯೂ ಸಸ್ಯೋದ್ಯಾನ ಸೇರಿದರು. ಬ್ರಿಟಿಷ್ ಸಾಮ್ರಾಜ್ಯದ ಸಸ್ಯವ್ಯವಹಾರಕ್ಕೆಲ್ಲ ಕ್ಯೂ ಆಗ ಕೇಂದ್ರ ಕಚೇರಿಯಿದ್ದಂತೆ. ಬ್ರೆಜಿಲ್‌ನ ರಬ್ಬರ್ ಮರದ ಬೀಜ ಅಲ್ಲಿ ಮೊಳೆತು ಸಿಂಹಳಕ್ಕೂ ಮಲಯಕ್ಕೂ ಹೋಗಿತ್ತು. ಒಂದು ನೆಲದ ಜೀವವನ್ನು ಇನ್ನೊಂದು ನೆಲಕ್ಕೆ ಒಗ್ಗಿಸುವುದು ಆ ಕಾಲದ ಗೀಳೇ ಆಗಿತ್ತೆನ್ನಬೇಕು.

ಆ ಗೀಳಿಗೆ ಸಂಘಗಳೂ ಇದ್ದವು. 1854ರಲ್ಲಿ ಪ್ಯಾರಿಸ್ಸಿನಲ್ಲಿ, 1861ರಲ್ಲಿ ಮೆಲ್ಬರ್ನ್‌ನಲ್ಲಿ, 1871ರಲ್ಲಿ ನ್ಯೂಯಾರ್ಕ್‌ನಲ್ಲಿ ಪರದೇಶದ ಪ್ರಾಣಿ, ಪಕ್ಷಿ, ಗಿಡಗಳನ್ನು ತಂದು ನೆಲೆಗೊಳಿಸುವುದಕ್ಕಾಗಿಯೇ ಸಂಘಗಳು ಹುಟ್ಟಿದವು. ಸದಸ್ಯರು ಬಹುಪಾಲು ವಿದ್ಯಾವಂತರು, ಸಜ್ಜನರು, ದುರುದ್ದೇಶವೇನೂ ಇರಲಿಲ್ಲ. ವಲಸೆ ಹೋದವರಿಗೆ ತವರಿನ ಹಕ್ಕಿಯ ದನಿ ಬೇಕಾಗಿತ್ತು, ಬೇಟೆಗೆ ಮೊಲ ಬೇಕಾಗಿತ್ತು. ಮೆಲ್ಬರ್ನ್‌ನ ಸಂಘ ಹುಟ್ಟುವ ಎರಡು ವರ್ಷ ಮೊದಲೇ, 1859ರಲ್ಲಿ, ಥಾಮಸ್ ಆಸ್ಟಿನ್ ಎಂಬ ಜಮೀನ್ದಾರ ಬೇಟೆಯ ಮೋಜಿಗೆಂದು ಬಿಟ್ಟ ಮೊಲಗಳ ಸಂತತಿ ಆಸ್ಟ್ರೇಲಿಯಾದ ಹುಲ್ಲುಗಾವಲುಗಳನ್ನೇ ಬೋಳಿಸಿತು. ನ್ಯೂಯಾರ್ಕ್‌ನಲ್ಲಿ ಯೂಜೀನ್ ಶೀಫೆಲಿನ್ 1890ರಲ್ಲಿ ಸೆಂಟ್ರಲ್ ಪಾರ್ಕಿನಲ್ಲಿ ಅರವತ್ತು ಸ್ಟಾರ್ಲಿಂಗ್ ಹಕ್ಕಿಗಳನ್ನು ಹಾರಿಬಿಟ್ಟರು. ಮುಂದೆ ಅವು ಆ ಖಂಡದ ಉದ್ದಗಲಕ್ಕೂ ಹರಡಿದವು. ಬಿಟ್ಟವರ ಕೆಲಸ ಬಿಟ್ಟಲ್ಲಿಗೆ ಮುಗಿದಿತ್ತು.

ನಮ್ಮಲ್ಲೂ ಇಂಥ ಪ್ರಯತ್ನಗಳು ನಡೆದಿದ್ದವು. 1840ರ ದಶಕದಲ್ಲಿ ಧಾರವಾಡ ಸೀಮೆಯಲ್ಲಿ ಅಮೆರಿಕದ ಹತ್ತಿಬೀಜ ಬಿತ್ತಿಸಿದರು. ಧಾರವಾಡ-ಅಮೆರಿಕನ್ ಎಂಬ ಹೆಸರಿನಿಂದಲೇ ಆ ಹತ್ತಿ ಮಾರಾಟವಾಯಿತು. ಬೆಂಗಳೂರಿನಲ್ಲಿ 1836ರಲ್ಲಿ ವಿಲಿಯಂ ಮನ್ರೋ ಎಂಬ ಸೇನಾಧಿಕಾರಿಯ ನೇತೃತ್ವದಲ್ಲಿ ಕೃಷಿ ಮತ್ತು ತೋಟಗಾರಿಕೆ ಸಂಘವೊಂದು ಹುಟ್ಟಿ, ಲಾಲ್‌ಬಾಗ್ ಅದರ ಕೈಗೆ ಬಂತು. 1842ರಲ್ಲಿ ಸಂಘ ಮುಚ್ಚಿತು. 1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಿಂದ 1908ರವರೆಗೆ ಅದನ್ನು ನಡೆಸಿದ ಜಾನ್ ಕ್ಯಾಮರಾನ್ ನಮಗೆ ಸೀಮೆಬದನೆಯನ್ನು ಕೊಟ್ಟರು. ಪರಂಗಿ, ಸೀಮೆಬದನೆ, ಸೀಮೆಹುಣಸೆ: ಹೊರಗಿನಿಂದ ಬಂದುದನ್ನು ಕನ್ನಡ ಹೆಸರಲ್ಲೇ ಗುರುತಿಸಿತು, ಹಾಗೆಯೇ ಅಡುಗೆಮನೆಗೂ ಬಿಟ್ಟುಕೊಂಡಿತು.

ಕೃಂಬಿಗಲ್ ಭಾರತಕ್ಕೆ ಬಂದದ್ದು 1893ರಲ್ಲಿ, ಬರೋಡಾದ ಸಯಾಜಿರಾವ್ ಗಾಯಕವಾಡರ ಉದ್ಯಾನಗಳನ್ನು ನೋಡಿಕೊಳ್ಳಲು. ಅಲ್ಲಿ ಅವರು ಗಳಿಸಿದ ಹೆಸರು ನಾಲ್ವಡಿ ಕೃಷ್ಣರಾಜ ಒಡೆಯರ ಗಮನಕ್ಕೆ ಬಂತು. 1908ರಲ್ಲಿ ಕ್ಯಾಮರಾನ್ ನಿವೃತ್ತರಾದಾಗ ಲಾಲ್‌ಬಾಗಿನ ಹೊಣೆ ಈ ಜರ್ಮನ್ ತೋಟಗಾರನ ಹೆಗಲೇರಿತು. ಮುಂದಿನ ಇಪ್ಪತ್ತನಾಲ್ಕು ವರ್ಷ ಅವರು ಮಾಡಿದ್ದು ಬರೀ ಅಲಂಕಾರದ ಕೆಲಸವಲ್ಲ. ಹೊರದೇಶಗಳ ಸಸ್ಯೋದ್ಯಾನಗಳೊಡನೆ ಬೀಜ ವಿನಿಮಯ ನಡೆಸಿದರು. ರೋಡ್ಸ್ ಹುಲ್ಲು, ರಷ್ಯಾದ ಸೂರ್ಯಕಾಂತಿ, ಸೋಯಾ ಅವರೆ, ಅಮೆರಿಕದ ಮೆಕ್ಕೆಜೋಳಗಳನ್ನು ತರಿಸಿದರು. 1912ರಲ್ಲಿ ಮೈಸೂರು ಉದ್ಯಾನಕಲಾ ಸಂಘದ ಸ್ಥಾಪನೆಗೆ ಕಾರಣರಾದರು. ಇಂದು ಲಾಲ್‌ಬಾಗಿನಲ್ಲಿ ಜನಜಾತ್ರೆ ಸೇರಿಸುವ ಫಲಪುಷ್ಪ ಪ್ರದರ್ಶನದ ಪರಂಪರೆ ಆ ಸಂಘದೊಡನೆ ಹೆಣೆದುಕೊಂಡಿದೆ.

ಗಮನಿಸಬೇಕಾದದ್ದು ಇದೇ ಸಂಘವನ್ನು. ಇದು ಕೂಡ ಹೊರಗಿನ ಸಸ್ಯಗಳಲ್ಲಿ ಆಸಕ್ತಿಯಿದ್ದ ಸಂಘವೇ. ಆದರೆ ಇದರ ಬೆನ್ನಿಗೆ ಲಾಲ್‌ಬಾಗಿನಂಥ ತೋಟವಿತ್ತು, ತೋಟದಲ್ಲಿ ಮಾಲಿಗಳಿದ್ದರು. ಬಂದ ಗಿಡವನ್ನು ಪಾತಿಯಲ್ಲಿ ಬೆಳೆಸಿ, ಇಲ್ಲಿನ ಮಳೆ-ಬಿಸಿಲಿಗೆ ಹೇಗೆ ಒಗ್ಗುತ್ತದೆಂದು ನೋಡಲು ಅವಕಾಶವಿತ್ತು. ಗಿಡವನ್ನು ತರುವುದಕ್ಕೂ ಬಿಟ್ಟುಬಿಡುವುದಕ್ಕೂ ಇರುವ ಅಂತರ ಅಲ್ಲಿಯೇ ಇದೆ ಎಂದು ನನಗೆ ತೋರುತ್ತದೆ.

ಬೀದಿಮರಗಳ ವಿಷಯದಲ್ಲಿ ಅವರ ಕಲ್ಪನೆ ಸರಳವಾಗಿತ್ತು: ಒಂದು ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷದ ಯಾವ ಕಾಲದಲ್ಲೂ ನಗರ ಹೂವಿಲ್ಲದೆ ಇರಬಾರದು. ಆದರೆ ಬೆಂಗಳೂರಿನ ಯಾವ ಹೂಮರ ಕಂಡರೂ ಅದನ್ನು ಕೃಂಬಿಗಲ್ ತಂದರು ಎನ್ನುವ ರೂಢಿ ಈಗ ಬೆಳೆದಿದೆ. ಅದು ಅತಿಯಾಯಿತು. ಗುಲ್‌ಮೊಹರ್, ಮಳೆಮರಗಳು ಅವರು ಭಾರತಕ್ಕೆ ಕಾಲಿಡುವ ಮೊದಲೇ ಇಲ್ಲಿದ್ದವು. ಇಂದಿನ ಸಾಲುಮರಗಳಲ್ಲಿ ಬಹಳಷ್ಟನ್ನು 1980ರ ದಶಕದಲ್ಲಿ ನೆಡಿಸಿದವರು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್. ಸಂದ ಗೌರವ ಸಲ್ಲಬೇಕಾದವರೆಲ್ಲರಿಗೂ ಸಲ್ಲಲಿ.

ಜರ್ಮನ್ ಮೂಲ ಅವರನ್ನು ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರ ಶಂಕೆಗೆ ಗುರಿಮಾಡಿತು. ಆದರೂ ಮೈಸೂರು ಸಂಸ್ಥಾನ ಅವರ ಕೈ ಬಿಡಲಿಲ್ಲ. 1932ರಲ್ಲಿ ಅವರು ನಿವೃತ್ತರಾದಾಗ ಲಾಲ್‌ಬಾಗ್ ಎಚ್.ಸಿ. ಜವರಾಯ ಅವರ ಕೈಗೆ ಬಂತು. ಆ ಸ್ಥಾನಕ್ಕೇರಿದ ಮೊದಲ ಭಾರತೀಯರು ಅವರು. ಕೃಂಬಿಗಲ್ ಸಲಹೆಗಾರರಾಗಿ ಉಳಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕನಸಾದ ಕನ್ನಂಬಾಡಿಯ ಬೃಂದಾವನ ಉದ್ಯಾನಕ್ಕೆ ರೂಪ ಕೊಟ್ಟದ್ದರಲ್ಲಿ ಅವರ ಪಾತ್ರ ದೊಡ್ಡದು.

ಇಂದು ಹಲಸಿಯ ಸುತ್ತಣ ಖಾನಾಪುರದ ಕಾಡುಗಳೂ ಸೇರಿದಂತೆ ಪಶ್ಚಿಮಘಟ್ಟವನ್ನು ನೋಡಿದರೆ ಈ ಪ್ರಶ್ನೆ ಹಳೆಯದೆನಿಸುವುದಿಲ್ಲ. ಗೋವೆಯ ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದ ಗೇರು ಈ ಗಡಿಭಾಗದ ರೈತನಿಗೆ ಆದಾಯವಾಯಿತು. ಅದನ್ನು ಪರಕೀಯವೆಂದು ಇಂದು ಯಾರೂ ಹೇಳರು. ಆದರೆ 19ನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಚಂದದ ಹೂವಿಗೆಂದು ಬಂದ ಲಂಟಾನ ಬೇಲಿ ಹಾರಿ ಕಾಡು ಹೊಕ್ಕಿತು. ಬಂಡೀಪುರದಲ್ಲಿ ಅದು ಹುಲ್ಲನ್ನು ಅಡಗಿಸಿ ಜಿಂಕೆಯ ಮೇವು ಕಿತ್ತುಕೊಂಡಿದೆ. ಆಸ್ಟ್ರೇಲಿಯಾದ ಅಕೇಶಿಯಾವನ್ನಂತೂ ಯಾರೋ ಹವ್ಯಾಸಿ ತಂದು ಬಿಟ್ಟದ್ದಲ್ಲ. ಅರಣ್ಯ ಇಲಾಖೆಯೇ ಘಟ್ಟದ ಬೋಳುನೆಲದಲ್ಲಿ ಸಾಲುಸಾಲಾಗಿ ನೆಟ್ಟಿತು. ನೀಲಗಿರಿ ನೆಡುವುದನ್ನು ನಿಷೇಧಿಸಲು ರಾಜ್ಯ ಸರ್ಕಾರಕ್ಕೆ 2017ರವರೆಗೆ ಬೇಕಾಯಿತು. ಕೃಂಬಿಗಲ್ ಮರ ತಂದದ್ದು ಮುಖ್ಯವಾಗಿ ಬೀದಿಗೆ ಮತ್ತು ತೋಟಕ್ಕೆ, ಅಂದರೆ ಮನುಷ್ಯ ದಿನವೂ ನೋಡುವ ಜಾಗಕ್ಕೆ. ಅವರ ಹೆಸರು ಹೇಳಿ ಕಾಡಿನಲ್ಲಿ ಪರದೇಶದ ನೆಡುತೋಪು ಎಬ್ಬಿಸುವುದನ್ನು ಸಮರ್ಥಿಸಿಕೊಳ್ಳಲು ಬರುವುದಿಲ್ಲ.

1956ರ ಫೆಬ್ರುವರಿ 8ರಂದು ಕೃಂಬಿಗಲ್ ಬೆಂಗಳೂರಿನಲ್ಲೇ ತೀರಿಕೊಂಡರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಲಾಲ್‌ಬಾಗಿನ ಪಕ್ಕದ ರಸ್ತೆಗೆ ಅವರ ಹೆಸರಿದೆ. ಉದ್ಯಾನದೊಳಗೆ ಅವರ ಹೆಸರು ಹೊತ್ತಿದ್ದ ಹಳೆಯ ಸಭಾಂಗಣ ವರ್ಷಗಟ್ಟಲೆ ಶಿಥಿಲವಾಗಿ ನಿಂತು, ದುರಸ್ತಿಗಾಗಿ ಕಾಯುತ್ತಿದ್ದಾಗಲೇ 2017ರಲ್ಲಿ ಕುಸಿದುಬಿತ್ತು.